ಕಾರಂತರ ಚಿಂತೆ, ನಮ್ಮ ಹೊಲ



1989ರಲ್ಲಿ ನಮ್ಮ ಹಿರಿಯರು ತಾವೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದೇ ವರ್ಷ, ಕೈಗಾ ಅಣುಸ್ಥಾವರ ಬ್ಯಾಡಂತ ಹೋರಾಡುತ್ತಿದ್ದ ಡಾ. ಶಿವರಾಮ ಕಾರಂತರು 87ನೇ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಮೂಕಿ ಚಿತ್ರ ತೆಗೆದವರು, ‘ಚೋಮನ ದುಡಿ’ ಬರೆದವರು, ಜ್ಞಾನಪೀಠ ಪಡೆದವರು. ಮನ್ಯಾಗ ಕುಂತು ಸನ್ಮಾನ ಉಣಬಹುದಿತ್ತು. ಇಂದಿನ ಲಾಭದಿಂದ ನಾಳಿನ ನೆಲಕ್ಕೇನಾದೀತು ಎಂಬುದೇ ಅವರ ಚಿಂತೆಯಾಗಿತ್ತು.

ಆ ಚಿಂತೆ ಈಗ ನಮ್ಮದೂ ಹೌದು. ಬ್ಯಾರೇಜಿನ ನೀರು ನಮ್ಮ ಬಾಳು ಹಸನು ಮಾಡಿತು, ಖರೆ. ಆದರೆ ನಾವೇ ಕಬ್ಬಿಗೆ ಹದ ಮೀರಿ ನೀರು ಹಾಯಿಸಿ ತಗ್ಗಿನ ಹೊಲ ಸವಳು ಮಾಡಿಕೊಂಡೇವಿ. ಸವಳು ಹೊಲಕ್ಕೆ ಸಂಘ ಸಾಲ ಕೊಡಬಹುದು, ಬೆಳಿ ಕೊಡಾಕ ಆಗೂದಿಲ್ಲ. ಬಸಿಗಾಲುವೆ ತೆಗೆಯೋಣ, ಹನಿ ನೀರಾವರಿ ಮಾಡೋಣ. ಹಿರಿಯರು ಕೊಟ್ಟ ಎರಿ ಹೊಲ ಮಕ್ಕಳಿಗೂ ಎರಿ ಹೊಲವಾಗಿಯೇ ಸಿಗಲಿ.