ಬೂಸಾದ ತಟ್ಟೆಯಲ್ಲಿ ಕಿಣ್ವ



ಹೊಸ ಇಳಕಲ್ ಸೀರೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ನಾಲ್ಕು ಸಲ ಒಗೆದ ಸೀರೆಗಿಲ್ಲದ ಒಂದು ಬಿಗಿ ಅದಕ್ಕಿರುತ್ತದೆ. ಮಗ್ಗದ ಮೇಲೆ ಹಾಸಿನ ಎಳೆ ಹರಿಯದಿರಲೆಂದು ಹಚ್ಚುವ ಗಂಜಿಯ ಗುಣ ಅದು. ಇಳಕಲ್‌ನಲ್ಲಿ ನೂಲಿಗೆ ಮೊದಲೇ ಬಣ್ಣ ಹಾಕುವುದರಿಂದ ಗಂಜಿ ಉಳಿದರೂ ತೊಂದರೆಯಿಲ್ಲ. ನೇಯ್ದ ಮೇಲೆ ಬಣ್ಣ ಹಾಕುವ ಗಿರಣಿಗಳ ಪಾಡು ಬೇರೆ. ಗಂಜಿ ಪೂರ್ತಿ ಹೋಗದಿದ್ದರೆ ಬಣ್ಣ ಸಮನಾಗಿ ಹಿಡಿಯದು. ಅದನ್ನು ತೆಗೆಯಲು ಅಮೈಲೇಸ್ ಎಂಬ ಕಿಣ್ವ ಬಳಸುತ್ತಾರೆ. ಪಿಷ್ಟವನ್ನು ತುಂಡರಿಸಿ ಕರಗಿಸುವ ಈ ಕಿಣ್ವ ದೊರೆಯುವುದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳಿಂದ.

ಅವನ್ನು ಬೆಳೆಸುವ ಮುಖ್ಯ ವಿಧಾನಗಳು ಎರಡು. ದೊಡ್ಡ ತೊಟ್ಟಿಯ ದ್ರವದಲ್ಲಿ ಗಾಳಿಯೂದುತ್ತ, ಕಲಕುತ್ತ ಬೆಳೆಸುವುದು ಒಂದು. ನೀರು ಬೆರೆಸಿ ಹಬೆಯಲ್ಲಿ ಬೇಯಿಸಿದ ಗೋಧಿ ಬೂಸಾವನ್ನು ತಟ್ಟೆಗಳಲ್ಲಿ ಹರಡಿ ಬೆಳೆಸುವುದು ಇನ್ನೊಂದು.

ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲನೆಯದನ್ನು ಪ್ರಯತ್ನಿಸಿ ಸೋತಿದ್ದೆ. ಬ್ಯಾಕ್ಟೀರಿಯಾ ಹೊಟ್ಟೆ ತುಂಬ ಉಣ್ಣಲೆಂದು ಗ್ಲೂಕೋಸ್ ಧಾರಾಳವಾಗಿ ಸುರಿದೆ. ಫ್ಲಾಸ್ಕಿನ ತುಂಬ ಬ್ಯಾಕ್ಟೀರಿಯಾ, ಕಿಣ್ವ ಮಾತ್ರ ಇಲ್ಲ! ಹಿಟ್ಟೇ ಮನೆಗೆ ಬಂದು ಬೀಳುವಾಗ ಬೀಸುವ ಕಲ್ಲಿಗೆ ಕೈ ಹಚ್ಚುವವರಾರು?

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ರಮೇಶ್ ಮತ್ತು ಲೋನ್ಸಾನೆ ಅವರು 1991ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ ನನಗೆ ಆ ಫ್ಲಾಸ್ಕ್ ನೆನಪಾಯಿತು. ದ್ರವದಲ್ಲಿ ನೂರಕ್ಕೆ 1ರಷ್ಟು ಗ್ಲೂಕೋಸ್ ಇದ್ದರೆ ಸಾಕು, ಅಮೈಲೇಸ್ ತಯಾರಿಕೆ ನಿಂತುಹೋಗುತ್ತಿತ್ತು. ಅದೇ ಬ್ಯಾಕ್ಟೀರಿಯಾ ಬೂಸಾದಲ್ಲಿ, 15ರಷ್ಟು ಗ್ಲೂಕೋಸ್ ಇದ್ದಾಗಲೂ ಕಿಣ್ವ ಕೊಟ್ಟಿತು. ಬೂಸಾದಲ್ಲಿ ನೀರು ಕಡಿಮೆ. ಸಕ್ಕರೆ ಬ್ಯಾಕ್ಟೀರಿಯಾದ ಬಳಿಗೆ ನಿಧಾನವಾಗಿ ಹರಿದು ಬರುವುದೇ ಇದಕ್ಕೆ ಕಾರಣವಿರಬೇಕು.

ಬೂಸಾ ಅಗ್ಗ. ಬೇಕಾಗುವ ನೀರು ಕಡಿಮೆ, ವಿದ್ಯುತ್ತೂ ಕಡಿಮೆ. ಹಾಗಾದರೆ ಜಗತ್ತಿನ ಅಮೈಲೇಸ್ ಬಹುಪಾಲು ಇಂದಿಗೂ ತೊಟ್ಟಿಯಲ್ಲೇ ತಯಾರಾಗುವುದೇಕೆ? ಮುಖ್ಯ ತೊಡಕು ಶಾಖ. ನೆನೆಸಿದ ಮಡಿಕೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಮಾರನೆಯ ದಿನ ಗಂಟಿನೊಳಗೆ ಬೆರಳಿಟ್ಟು ನೋಡಿದ್ದೀರಾ? ಒಳಗೆ ಬೆಚ್ಚಗಿರುತ್ತದೆ. ಬೂಸಾದಲ್ಲೂ ಹೀಗೆಯೇ. ದ್ರವವನ್ನಾದರೆ ಕಲಕಿ ತಣಿಸಬಹುದು. ಬೂಸಾದ ನಡುವಿನ ಶಾಖ ಸುಲಭವಾಗಿ ಹೊರಬಾರದು. ಜೋರಾಗಿ ಗಾಳಿ ಹಾಯಿಸಿದರೆ ಅಂಚು ಒಣಗುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ! ಆದ್ದರಿಂದ ಬೂಸಾ ತೆಳುವಾಗಿರಬೇಕು, ಹಾಯಿಸುವ ಗಾಳಿ ತೇವವಾಗಿರಬೇಕು.

ಬಾದಾಮಿ, ಹುನಗುಂದಗಳ ಕಡೆ ಯಾರಾದರೂ ಸಣ್ಣ ಘಟಕ ಹಾಕುವುದಾದರೆ, ತಟ್ಟೆಯಿಂದಲೇ ಆರಂಭಿಸಿ ಎನ್ನುತ್ತೇನೆ. ಆದರೆ ಮೊದಲ ಪರೀಕ್ಷೆ ಡಿಸೆಂಬರಿನ ಚಳಿಯಲ್ಲಿ ಬೇಡ, ಏಪ್ರಿಲ್‌ನಲ್ಲಿ ಮಾಡಿ ನೋಡಿ.