ಬಿಸಿಲು ಬಿಟ್ಟಿ, ನೀರು ಬಿಟ್ಟಿಯಲ್ಲ



ನಡುರಾತ್ರಿ ಕರೆಂಟು ಬಂತೆಂದು ಬ್ಯಾಟರಿ ಹಿಡಿದು ಹೊಲಕ್ಕೆ ಓಡಿ ನೀರು ಕಟ್ಟುವ ಕಷ್ಟ ನಿಮಗೆ ಗೊತ್ತೇ ಇದೆ. ಬದುವಿನ ಮೇಲೆ ಹಾವಿದೆಯೋ ಚೇಳಿದೆಯೋ ಎಂದು ಮನೆಯಲ್ಲಿ ಹೆಂಗಸರಿಗೆ ನಿದ್ದೆಯಿಲ್ಲ. ಕರೆಂಟಿನ ಕಂಬವೇ ಬಾರದ ಹೊಲದವರ ಪಾಡು ಬೇರೆ. ಅವರ ದುಡಿಮೆಯೆಲ್ಲ ಡೀಸೆಲ್ ಎಂಜಿನ್ನಿನ ಹೊಟ್ಟೆಗೆ. ಅದೂ ಅಲ್ಲದೆ ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಂಥ ಅನಿಲ ಹೆಚ್ಚಿದಷ್ಟೂ ಭೂಮಿ ಬಿಸಿಯೇರಿ, ಮಳೆಯ ಲೆಕ್ಕ ತಪ್ಪುತ್ತದೆ. ತಪ್ಪಿದ ಮಳೆಯ ಪೆಟ್ಟು ಮೊದಲು ಬೀಳುವುದು ನಮಗೇ.

ಇದಕ್ಕೊಂದು ದಾರಿ ಬಿಸಿಲಿನಿಂದ ನಡೆಯುವ ಸೌರ ಪಂಪುಸೆಟ್ಟು. "ಅಷ್ಟು ಒಳ್ಳೇದಾದರೆ ಅಂಗಡಿಯಲ್ಲಿ ತಾನೇ ಮಾರಾಟ ಆಗಲಿ, ಸರ್ಕಾರ ಯಾಕೆ ದುಡ್ಡು ಹಾಕಬೇಕು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ನಿಮ್ಮ ಮನೆಯ ಎಲ್‌ಇಡಿ ಬಲ್ಬನ್ನೇ ನೋಡಿ. 2014ರ ಮೊದಲಲ್ಲಿ ಸರ್ಕಾರಿ ಸಂಸ್ಥೆ ಇದನ್ನು ಸಗಟಾಗಿ ಕೊಂಡಾಗ ಒಂದಕ್ಕೆ 310 ರೂಪಾಯಿ ಬಿದ್ದಿತ್ತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಬಂತು. ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಬೇಡಿಕೆ ಕೊಟ್ಟದ್ದರಿಂದ 2016ರಲ್ಲಿ ಅದೇ ಖರೀದಿ ದರ 38 ರೂಪಾಯಿಗೆ ಇಳಿಯಿತು. ಹೊಸ ಸಾಮಾನಿನ ಕಥೆಯೇ ಹೀಗೆ. ಬೆಲೆ ಹೆಚ್ಚೆಂದು ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲವೆಂದು ಬೆಲೆ ಇಳಿಯುವುದಿಲ್ಲ. ಈ ಗಂಟನ್ನು ಯಾರಾದರೂ ಮೊದಲು ಬಿಚ್ಚಬೇಕು. ಸರ್ಕಾರ ಹೆಗಲು ಕೊಡುವುದು ಅದಕ್ಕೇ.

ಪಂಪುಸೆಟ್ಟಿಗೆ ಹೀಗೆ ಹೆಗಲು ಕೊಟ್ಟದ್ದು 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆ. ಅದರ ಎರಡನೆಯ ಭಾಗದಲ್ಲಿ, ಕರೆಂಟಿಲ್ಲದ ಕಡೆ ಏಳೂವರೆ ಅಶ್ವಶಕ್ತಿವರೆಗಿನ ಪಂಪಿಗೆ, ನಿಗದಿಯಾದ ಬೆಲೆಯಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ ಪಾಲು ಕನಿಷ್ಠ ಶೇ 30 ಎಂದಿತ್ತು. ಕರ್ನಾಟಕ ಆಮೇಲೆ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ್ದರಿಂದ ರೈತನ ಪಾಲು ಶೇ 20ಕ್ಕೆ ಇಳಿಯಿತು. ಯೋಜನೆಯ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಗಿತ್ತು. ಇಂಥ ಯೋಜನೆಗಳ ಅವಧಿ, ಪಾಲು, ಷರತ್ತು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಹಣ ಕಟ್ಟುವ ಮೊದಲು ಈಗಿನ ಆದೇಶವೇನು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಖುದ್ದಾಗಿ ವಿಚಾರಿಸಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಹೋಬಳಿಯ ಹಿರಿಯರೊಬ್ಬರು ಮೊಬೈಲಿಗೆ ಬಂದ ಕರೆಯನ್ನು ನಂಬಿ, ಎಮ್ಮೆ ಮಾರಿದ ಹಣವನ್ನು "ನೋಂದಣಿ ಶುಲ್ಕ" ಎಂದು ಕಳಿಸಿಬಿಟ್ಟರು. ರಸೀದಿಯನ್ನು ನನ್ನ ಮೇಜಿನ ಮೇಲಿಟ್ಟು, "ಪಂಪು ಯಾವಾಗ ಬರ್ತದೆ ಸ್ವಾಮಿ?" ಅಂದರು. ರಸೀದಿ ನಕಲಿ. ನನಗೆ ಮಾತೇ ಹೊರಡಲಿಲ್ಲ. ಮೋಸದ ವೆಬ್‌ಸೈಟುಗಳ ಬಗ್ಗೆ ಕೇಂದ್ರ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಆ ಊರಿಗೆ ಮೊದಲೇ ಮುಟ್ಟಿಸಬೇಕಾದವನು ನಾನೇ. ಆದಕಾರಣ ಕೇಳಿ: ಫೋನಿನಲ್ಲಿ ಯಾರೇ ಅವಸರ ಮಾಡಿದರೂ ಕಾಸು ಕಳಿಸಬೇಡಿ. ಕಳಿಸಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ.

ಪಂಪು ಬಂದ ಮೇಲೆ ನಿಮ್ಮ ಕೆಲಸವೂ ಸ್ವಲ್ಪ ಇದೆ. ತೆಂಗಿನ ಗರಿಯ ನೆರಳು ಫಲಕದ ಮೇಲೆ ಬಿದ್ದರೂ ನೀರಿನ ಜೋರು ತಗ್ಗುತ್ತದೆ, ಜಾಗ ನೋಡಿ ನಿಲ್ಲಿಸಿ. ಧೂಳು ಕೂತರೆ ಬೆಳಗಿನ ತಂಪಿನಲ್ಲಿ ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿ, ನಾರಿನಿಂದ ಉಜ್ಜಬೇಡಿ. ನಿಯಂತ್ರಣ ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ. ಕೂರಿಸಿದವರೇ ಎಷ್ಟು ವರ್ಷ ದುರಸ್ತಿ ಮಾಡಿಕೊಡಬೇಕು ಎಂಬುದನ್ನು ಬರಹದಲ್ಲಿ ಪಡೆದು, ಪಹಣಿ ಇಡುವ ಕಡೆಯಲ್ಲೇ ಜೋಪಾನವಾಗಿಡಿ.

ಕೊನೆಯ ಮಾತು, ಆದರೆ ಮುಖ್ಯವಾದದ್ದು. ಬಿಸಿಲಿಗೆ ಬಿಲ್ಲಿಲ್ಲ ನಿಜ. ಹಾಗಂತ ಬೆಳಗಿನಿಂದ ಸಂಜೆವರೆಗೆ ಪಂಪು ಓಡಿಸಿದರೆ ಬಾವಿ ಬರಿದಾಗುತ್ತದೆ. ನಿಮ್ಮದಷ್ಟೇ ಅಲ್ಲ, ಪಕ್ಕದ ಹೊಲದವರದೂ. ಅಂತರ್ಜಲ ಬತ್ತಿದ ಕಡೆಗಳಲ್ಲಿ ಈ ಯೋಜನೆ ಹೊಸ ಪಂಪಿಗೆ ನೆರವು ಕೊಡದಿದ್ದುದೂ, ಹಳೆಯ ಡೀಸೆಲ್ ಪಂಪು ಬದಲಿಸುವವರು ಹನಿ ನೀರಾವರಿಯಂಥ ಮಿತವ್ಯಯದ ಕ್ರಮ ಅನುಸರಿಸಬೇಕು ಎಂದದ್ದೂ ಇದೇ ಕಾರಣಕ್ಕೆ. ಪಂಪಿನ ಜೊತೆಗೇ ಹನಿ ನೀರಾವರಿ ಮಾಡಿ, ಒಂದು ಕೃಷಿ ಹೊಂಡ ತೋಡಿ.

ಈ ಸಂಜೆ ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ಲೆಕ್ಕ ಹಾಕಿ: ನಮ್ಮ ಬಾವಿಯಲ್ಲಿ ನೀರೆಷ್ಟು, ಬೆಳೆಗೆ ಬೇಕಾದದ್ದೆಷ್ಟು? ಆ ಲೆಕ್ಕ ಹಿಡಿದುಕೊಂಡು ನಮ್ಮ ಕಚೇರಿಗೆ ಬನ್ನಿ. ಅರ್ಜಿಯ ಮಾತನ್ನು ಆಮೇಲೆ ಕೂತು ಆಡೋಣ.