ಮೇಷ್ಟ್ರು ಕಲಿಸಿದ ಲೆಕ್ಕ



ಎಂ.ಡಿ. ನಂಜುಂಡಸ್ವಾಮಿ ಕಾನೂನು ಪಾಠ ಹೇಳುತ್ತಿದ್ದ ಮೇಷ್ಟ್ರು. 1980ರಲ್ಲಿ ರೈತ ಸಂಘ ಹುಟ್ಟಿತು. ಅವರು ಹಸಿರು ಶಾಲು ಹೊದ್ದು ಹಳ್ಳಿಹಳ್ಳಿ ತಿರುಗಿದರು. ಧಾರವಾಡ ಗ್ರಾಮಾಂತರದಿಂದ ಗೆದ್ದು ವಿಧಾನಸಭೆಗೂ ಹೋದರು. 2004ರಲ್ಲಿ ತೀರಿಕೊಂಡರು.

ಅವರ ದೊಡ್ಡ ಪಾಠ ನಡೆದದ್ದು ನಮ್ಮ ಜಗಲಿಗಳ ಮೇಲೆ. ಜಫ್ತಿಯವರು ಮನೆ ಸಾಮಾನು ಹೊತ್ತೊಯ್ದರೆ ಮಾನ ಹೋಯ್ತು ಅಂತ ತಲೆ ತಗ್ಗಿಸ್ತಿದ್ದೆವು. ಬೆಳೆದ ಖರ್ಚೂ ಹುಟ್ಟದ ಬೆಲೆ ಕಟ್ಟಿದವರು ಯಾರು? ಹಾಗಾದರೆ ಬಾಕಿದಾರ ಯಾರು? ಹೀಗೆ ಕೇಳೋದನ್ನು ಸಂಘ ಕಲಿಸಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಬರಕೂಡದೆಂಬ ಬೋರ್ಡು ಊರಬಾಗಿಲಲ್ಲಿ ನಿಂತಿತು.

ಬೋರ್ಡೊಂದೇ ಸಾಲದು. ಬೀಜ, ಗೊಬ್ಬರ, ಆಳುಗೂಲಿ, ಹೆಂಗಸರು ಮಕ್ಕಳ ದುಡಿಮೆ, ಎಲ್ಲಾ ಬರೆದಿಡಿ. ಲೆಕ್ಕ ಕೈಲಿದ್ದರೆ ನ್ಯಾಯಬೆಲೆ ಕೇಳೋದು ಬೇಡಿಕೆಯಲ್ಲ, ಬಾಕಿ ವಸೂಲಿ.